ನಮ್ಮ ಟಾಸ್ಕ್‌ಬಾರ್ ನಾವೇ ಜೋಡಿಸೋಣ

(ನಾಗಪುರದ ಬಜಾಜ್ ನಗರದಲ್ಲಿ ನಡೆದ ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಆರಿಸಿಕೊಂಡ ವಿಷಯ ಕೇಳಿ ನಮ್ಮ ಕಾರ್ಯದರ್ಶಿಗಳು ಫೋನಿನಲ್ಲಿ ಒಂದು ಗಳಿಗೆ ಸುಮ್ಮನಾಗಿಬಿಟ್ಟರು. ಹೋದ ಸಲ ಡಾಕ್ಟರು ಬಂದು ಮಂಡಿನೋವಿನ ಬಗ್ಗೆ ಮಾತಾಡಿದ್ದರು. ಅದಕ್ಕೂ ಮೊದಲು ವಚನ ಗಾಯನ ಇತ್ತು. ಈ ಸಲ ನೋಡಿದರೆ ಕಂಪ್ಯೂಟರ್ ಪರದೆಯ ಕೆಳಗಿರುವ ಒಂದು ಬೆರಳಗಲದ ಪಟ್ಟಿ! ಅದರ ಮೇಲೆ ಅರ್ಧ ಗಂಟೆ ಮಾತಾಡುವುದಕ್ಕೆ ಏನಿದೆ ಎಂದು ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಏನಿದೆ ಎಂದು ಹೇಳುವುದಕ್ಕೇ ಬಂದಿದ್ದೇನೆ.

ನಾನು ಇಂಜಿನಿಯರ್ ಅಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಿವೃತ್ತಳಾದವಳು. ಎರಡು ವರ್ಷದಿಂದ ಶನಿವಾರ ಮಧ್ಯಾಹ್ನ ನಮ್ಮ ವೇದಿಕೆಯ ಕೆಲವರ ಮನೆಗೆ ಹೋಗಿ ಅವರ ಜೊತೆ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಬಜಾಜ್ ನಗರ, ಲಕ್ಷ್ಮೀ ನಗರ, ಶಂಕರ ನಗರ, ಅಭ್ಯಂಕರ ನಗರ, ಎಲ್ಲ ಕಾಲ್ನಡಿಗೆಯ ದೂರ. ಹೀಗೆ ಹೋದ ಕಡೆಯಲ್ಲೆಲ್ಲ ಒಂದು ವಿಷಯ ಗಮನಿಸಿದೆ. ನಮ್ಮಲ್ಲಿ ಬಹುಪಾಲು ಜನರ ಕಂಪ್ಯೂಟರು ನಮ್ಮದಲ್ಲ. ಅಂದರೆ, ದುಡ್ಡು ಯಾರದೇ ಇರಲಿ, ಜೋಡಣೆ ನಮ್ಮದಲ್ಲ. ಮಗ ಹೊಸ ಲ್ಯಾಪ್‌ಟಾಪ್ ತಗೊಂಡಾಗ ಹಳೆಯದು ಅಮ್ಮನಿಗೆ ಬರುತ್ತದೆ. ಅವನ ಆಫೀಸಿನ ಪ್ರೋಗ್ರಾಂಗಳೆಲ್ಲ ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ನಿಂತಿರುತ್ತವೆ. ಅಮ್ಮನಿಗೆ ಬೇಕಾದ ಎರಡು-ಮೂರು ಎಲ್ಲೋ ಮೂಲೆಯಲ್ಲಿ.

ಆಮೇಲೆ ವೀಡಿಯೋ ಕಾಲಿನಲ್ಲಿ ಪಾಠ: "ಅಮ್ಮಾ, ಆ ನೀಲಿ ಚಿತ್ರ ಒತ್ತು." ಯಾವ ನೀಲಿ? ವರ್ಡ್ ನೀಲಿ, ಔಟ್‌ಲುಕ್ ನೀಲಿ, ಎಡ್ಜ್ ಬ್ರೌಸರಿನ ಅಲೆಯೂ ಮುಕ್ಕಾಲು ನೀಲಿ. ಅಮ್ಮ ಯಾವುದೋ ಒಂದನ್ನು ಒತ್ತುತ್ತಾಳೆ, ಅದು ಬೇರೇನೋ ತೆರೆಯುತ್ತದೆ, ಮಗ ನಿಟ್ಟುಸಿರು ಬಿಡುತ್ತಾನೆ. ಆ ನಿಟ್ಟುಸಿರು ಕೇಳಿ ನಮ್ಮವರು ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೊಂದು ಕಸೂತಿ ಬಟ್ಟೆ ಹೊದಿಸಿ ಇಟ್ಟುಬಿಡುತ್ತಾರೆ. "ನಮಗಿದೆಲ್ಲ ಆಗಿಬರೋದಲ್ಲ ಬಿಡ್ರಿ" ಅನ್ನುತ್ತಾರೆ. ಇಡೀ ಮನೆಯ ಅಡುಗೆಮನೆಯನ್ನು ನಲವತ್ತು ವರ್ಷ ನಡೆಸಿದವರು ಇವರು. ಬೇರೆಯವರು ಜೋಡಿಸಿದ ಅಡುಗೆಮನೆಯಲ್ಲಿ ಇವರನ್ನು ನಿಲ್ಲಿಸಿದರೆ ಸಾಸಿವೆ ಹುಡುಕುವುದಕ್ಕೇ ಹತ್ತು ನಿಮಿಷ ಬೇಕು. ಅದು ಅಡುಗೆ ಬಾರದೆ ಅಲ್ಲವಲ್ಲ?

ಹಾಗಾಗಿ ಇವತ್ತು ನಾನು ಹೇಳುವುದು ಇಷ್ಟೇ: ಕಂಪ್ಯೂಟರ್ ಕಲಿಯುವ ಮೊದಲು ಅದರ ಟಾಸ್ಕ್‌ಬಾರನ್ನು ನಮ್ಮ ಕೈಗೆ, ನಮ್ಮ ಕಣ್ಣಿಗೆ ಹೊಂದುವಂತೆ ಜೋಡಿಸಿಕೊಳ್ಳೋಣ. ಅರ್ಧ ಕಲಿಕೆ ಅಲ್ಲೇ ಮುಗಿಯುತ್ತದೆ.

ಮೊದಲು ಅದರ ಕಥೆ ಸ್ವಲ್ಪ. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾಯಿತು. ಸ್ಟಾರ್ಟ್ ಬಟನ್ನು, ಟಾಸ್ಕ್‌ಬಾರು ಎರಡೂ ಬಂದದ್ದು ಆಗಲೇ. ಅದಕ್ಕೂ ಮೊದಲಿನ ವಿಂಡೋಸ್ 3.1ರಲ್ಲಿ ಒಂದು ಪ್ರೋಗ್ರಾಂ ಕುಗ್ಗಿಸಿದರೆ ಅದು ಪುಟ್ಟ ಚಿತ್ರವಾಗಿ ಪರದೆಯ ಕೆಳಭಾಗಕ್ಕೆ ಹೋಗಿ ಕೂರುತ್ತಿತ್ತು. ಮೇಲೊಂದು ಕಿಟಕಿ ತೆರೆದಿದ್ದರೆ ಅದರ ಹಿಂದೆ ಮರೆಯಾಗಿಬಿಡುತ್ತಿತ್ತು. ತೆರೆದಿದ್ದೇನೆಂಬುದನ್ನೇ ಮರೆಯುತ್ತಿದ್ದವರಿಗೆ ಯಾವಾಗಲೂ ಕಣ್ಣಿಗೆ ಬೀಳುವ ಒಂದು ಪಟ್ಟಿ ಬೇಕಾಗಿತ್ತು. ಆ ಪಟ್ಟಿಯಲ್ಲಿ ಪ್ರತಿ ಗುಂಡಿಯ ಮೇಲೂ ಚಿತ್ರದ ಪಕ್ಕದಲ್ಲಿ ಹೆಸರು ಬರೆದಿರುತ್ತಿತ್ತು. ನಮ್ಮಲ್ಲಿ ರೈಲ್ವೆಯಲ್ಲೋ, ಏಜಿ ಆಫೀಸಿನಲ್ಲೋ, ಬ್ಯಾಂಕಿನಲ್ಲೋ ಕೆಲಸ ಮಾಡಿದವರಿಗೆ ಆ ಹೆಸರಿದ್ದ ಗುಂಡಿಗಳು ನೆನಪಿರಬಹುದು.

2009ರ ಅಕ್ಟೋಬರಿನಲ್ಲಿ ವಿಂಡೋಸ್ 7 ಬಂದಾಗ ಆ ಹೆಸರುಗಳು ಹೋದವು. ಚಿತ್ರಗಳು ದೊಡ್ಡದಾದವು, ಒಂದೇ ಪ್ರೋಗ್ರಾಮಿನ ಎಷ್ಟೇ ಕಿಟಕಿ ತೆರೆದರೂ ಒಂದೇ ಚಿತ್ರದಡಿ ಸೇರಿಕೊಂಡವು. ಬೇಕಾದ ಪ್ರೋಗ್ರಾಮನ್ನು ಪಟ್ಟಿಗೆ 'ಪಿನ್' ಮಾಡಿ ಇಡುವ ಸೌಕರ್ಯವೂ ಆಗಲೇ ಬಂತು. ಹೆಸರು ಬೇಕೆಂದವರು ಸೆಟ್ಟಿಂಗಿಗೆ ಹೋಗಿ ವಾಪಸು ತರಿಸಿಕೊಳ್ಳಬಹುದಿತ್ತು. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11 ಆ ಆಯ್ಕೆಯನ್ನೂ ತೆಗೆದುಹಾಕಿತು. ಚಿತ್ರಗಳನ್ನು ಎಡಗಡೆಯಿಂದ ಎತ್ತಿ ನಡುವಿಗೆ ತಂದಿತು. ಜಗತ್ತಿನ ಎಲ್ಲ ಕಡೆಯ ಬಳಕೆದಾರರು ಗೊಣಗಿದರು, ಕೇಳಿದರು, ಮತ್ತೆ ಮತ್ತೆ ಕೇಳಿದರು. ಕೊನೆಗೆ 2023ರಲ್ಲಿ ಹೆಸರು ತೋರಿಸುವ ಆಯ್ಕೆ ಮರಳಿ ಬಂತು.

ಇದನ್ನು ಯಾಕೆ ಹೇಳಿದೆ ಅಂದರೆ, ಬರೀ ಚಿತ್ರ ನೋಡಿ ಗೊಂದಲವಾಗುವುದು ನಮ್ಮ ವಯಸ್ಸಿನ ದೋಷ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅಲ್ಲ. ದಿನವಿಡೀ ಕಂಪ್ಯೂಟರಿನಲ್ಲೇ ಕೆಲಸ ಮಾಡುವ ಹುಡುಗ ಹುಡುಗಿಯರಿಗೂ ಹೆಸರು ಬೇಕಾಗಿತ್ತು. ಒಂದೇ ಅಳತೆಯ ಹನ್ನೆರಡು ಸ್ಟೀಲ್ ಡಬ್ಬಿ ಸಾಲಾಗಿಟ್ಟು ಚೀಟಿ ಅಂಟಿಸದಿದ್ದರೆ ಯಾರಾದರೂ ಮುಚ್ಚಳ ತೆಗೆದು ತೆಗೆದು ನೋಡಲೇಬೇಕು.

ಈಗ ಕೆಲಸಕ್ಕೆ ಬರೋಣ. ಲ್ಯಾಪ್‌ಟಾಪ್ ತಂದವರು ತೆರೆದುಕೊಳ್ಳಿ. ವಿಂಡೋಸ್ 11ರ ಲೆಕ್ಕದಲ್ಲಿ ಹೇಳುತ್ತೇನೆ. ವಿಂಡೋಸ್ 10 ಇರುವವರಿಗೂ ಬಹುಪಾಲು ಹೀಗೇ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿದಿದೆ. ಅದರಲ್ಲಿ ಬ್ಯಾಂಕ್ ಕೆಲಸ ಮಾಡುವವರು ಮನೆಯವರ ಹತ್ತಿರ ಈ ಮಾತು ತೆಗೆಯಿರಿ.

ಮೊದಲನೆಯದು, ಬೇಡದ್ದನ್ನು ತೆಗೆಯುವುದು. ಪಟ್ಟಿಯಲ್ಲಿರುವ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, 'ಅನ್‌ಪಿನ್ ಫ್ರಮ್ ಟಾಸ್ಕ್‌ಬಾರ್' ಒತ್ತಿ. ಇಲ್ಲೇ ಎಲ್ಲರೂ ಕೈ ಹಿಂದೆಗೆಯುತ್ತಾರೆ. "ಅಳಿಸಿಹೋದರೆ?" ಎಂಬ ಭಯ. ದಯವಿಟ್ಟು ಇದೊಂದು ಮಾತು ಬರೆದಿಟ್ಟುಕೊಳ್ಳಿ: ಪಟ್ಟಿಯಿಂದ ಚಿತ್ರ ತೆಗೆದರೆ ಪ್ರೋಗ್ರಾಂ ಹೋಗುವುದಿಲ್ಲ, ನಿಮ್ಮ ಫೈಲು ಹೋಗುವುದಿಲ್ಲ, ಫೋಟೋ ಹೋಗುವುದಿಲ್ಲ. ಗೋಡೆಯ ಮೊಳೆಯಿಂದ ಕೀಲಿಗೊಂಚಲು ತೆಗೆದರೆ ಬೀರು ಮಾಯವಾಗುತ್ತದೆಯೇ? ಸ್ಟಾರ್ಟ್ ಒತ್ತಿ ಹೆಸರು ಟೈಪಿಸಿದರೆ ಪ್ರೋಗ್ರಾಂ ಅಲ್ಲೇ ಇರುತ್ತದೆ. ಪುನಃ ಬೇಕಾದರೆ ಆ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಪಿನ್ ಟು ಟಾಸ್ಕ್‌ಬಾರ್' ಎನ್ನಿ.

ಈ ಮಾತಿಗೆ ಎಷ್ಟು ತೂಕವಿದೆ ಎಂದು ನನಗೆ ಗೊತ್ತಾದದ್ದು ನಮ್ಮ ವೇದಿಕೆಯ ಗೆಳತಿಯೊಬ್ಬರ ಮನೆಯಲ್ಲಿ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಯಜಮಾನರು ತೀರಿಕೊಂಡ ಮೇಲೆ ಅವರ ಕಂಪ್ಯೂಟರು ಎಂಟು ತಿಂಗಳು ಮುಚ್ಚೇ ಇತ್ತು. ಠೇವಣಿಗಳ ವಿವರ, ವಿಮೆಯ ಪಾಲಿಸಿ ನಂಬರು ಎಲ್ಲ ಅದರೊಳಗಿದೆ ಎಂದು ಮಾತ್ರ ಇವರಿಗೆ ಗೊತ್ತು. ತೆರೆದರೆ ಕೆಳಗೆ ಹತ್ತೊಂಬತ್ತು ಚಿತ್ರ. ನಾವಿಬ್ಬರೂ ಎಕ್ಸೆಲ್‌ನ ಹಸಿರು ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದೆವು. ಆಗ ಒಂದು ಸಣ್ಣ ಪಟ್ಟಿ ಮೇಲಕ್ಕೆದ್ದಿತು. ಅದಕ್ಕೆ 'ಜಂಪ್ ಲಿಸ್ಟ್' ಎನ್ನುತ್ತಾರೆ. ಆ ಪ್ರೋಗ್ರಾಮಿನಲ್ಲಿ ಇತ್ತೀಚೆಗೆ ತೆರೆದ ಫೈಲುಗಳು ಅಲ್ಲಿರುತ್ತವೆ. ಅದರ ಎಲ್ಲಕ್ಕಿಂತ ಮೇಲೆ, ಪಿನ್ ಮಾಡಿಟ್ಟ ಜಾಗದಲ್ಲಿ, ಒಂದೇ ಒಂದು ಫೈಲಿತ್ತು. ಅದರ ಹೆಸರು ಇವರ ಹೆಸರೇ. ತೆರೆದರೆ ಪ್ರತಿ ಠೇವಣಿ, ಅವಧಿ ಮುಗಿಯುವ ತಾರೀಕು, ನಾಮಿನಿ, ಎಲ್ಲ ಸಾಲುಸಾಲಾಗಿ. ಅವರು ಕಾಣುವ ಕಡೆಯೇ ಇಟ್ಟು ಹೋಗಿದ್ದರು. ನೋಡುವ ದಾರಿ ಮಾತ್ರ ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅದಾದ ಮೇಲೆ ಪಟ್ಟಿಯನ್ನು ಜೋಡಿಸಲು ಕೂತೆವು. ಗಂಡ ಇಟ್ಟಿದ್ದನ್ನು ತೆಗೆಯುವುದಕ್ಕೆ ಅವರಿಗೆ ಕೈ ಬರಲಿಲ್ಲ. "ಇದು ತೆಗೆದರೆ ಅವರದ್ದು ಹೋಗಿಬಿಡ್ತದಾ?" ಎಂದು ಪ್ರತಿ ಚಿತ್ರಕ್ಕೂ ಕೇಳಿದರು. ಇಲ್ಲ, ಎಲ್ಲ ಒಳಗೆ ಇದ್ದೇ ಇರುತ್ತದೆ ಎಂದು ಪ್ರತಿ ಸಲವೂ ಹೇಳಿದೆ. ಈಗ ಅವರ ಪಟ್ಟಿಯಲ್ಲಿ ಆರು ಚಿತ್ರಗಳಿವೆ. ಐದು ಅವರ ಕೆಲಸದವು. ಕೊನೆಯಲ್ಲಿ ಒಂದು ಚೆಸ್ ಆಟ. ಅವರಿಗೆ ಚೆಸ್ ಬರುವುದಿಲ್ಲ. ನಾನೂ ಏನೂ ಕೇಳಲಿಲ್ಲ.

ಎರಡನೆಯದು, ಸಾಲು ಹಚ್ಚುವುದು. ಚಿತ್ರವನ್ನು ಮೌಸಿನಲ್ಲಿ ಹಿಡಿದು ಎಳೆದರೆ ಅದು ಆಚೀಚೆ ಸರಿಯುತ್ತದೆ. ದಿನಾ ಬಳಸುವುದು ಮೊದಲು, ವಾರಕ್ಕೊಮ್ಮೆ ಬಳಸುವುದು ಆಮೇಲೆ. ಒಗ್ಗರಣೆ ಡಬ್ಬಿಯ ಬಟ್ಟಲುಗಳಂತೆ ಜಾಗ ಒಮ್ಮೆ ನಿಂತರೆ ಕೈ ತಾನಾಗಿ ಹೋಗುತ್ತದೆ. ಈ ಸಾಲಿಗೆ ಇನ್ನೊಂದು ಉಪಯೋಗವಿದೆ. ಕೀಬೋರ್ಡಿನಲ್ಲಿ ನಾಲ್ಕು ಚೌಕದ ಗುರುತಿರುವ ವಿಂಡೋಸ್ ಕೀಲಿ ಒತ್ತಿ ಹಿಡಿದು 1 ಒತ್ತಿದರೆ ಮೊದಲನೆಯ ಪ್ರೋಗ್ರಾಂ ತೆರೆಯುತ್ತದೆ, 2 ಒತ್ತಿದರೆ ಎರಡನೆಯದು. ಕೈ ನಡುಗುವವರಿಗೆ, ಮೌಸಿನ ಬಾಣವನ್ನು ಸಣ್ಣ ಚಿತ್ರದ ಮೇಲೆ ನಿಲ್ಲಿಸಲು ಕಷ್ಟವಾಗುವವರಿಗೆ ಇದು ದೊಡ್ಡ ಉಪಕಾರ. ನಮ್ಮ ಹಿರಿಯರೊಬ್ಬರು "ಒಂದು ಅಂದ್ರ ವಾಟ್ಸಾಪ್, ಎರಡು ಅಂದ್ರ ಬ್ಯಾಂಕು, ಮೂರು ಅಂದ್ರ ಭಜನಿ" ಎಂದು ಬಾಯಿಪಾಠ ಮಾಡಿಕೊಂಡಿದ್ದಾರೆ.

ಮೂರನೆಯದು, ಹೆಸರು ಕಾಣಿಸುವುದು. ಪಟ್ಟಿಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ಟಾಸ್ಕ್‌ಬಾರ್ ಸೆಟ್ಟಿಂಗ್ಸ್' ತೆರೆಯಿರಿ. ಕೆಳಗೆ 'ಟಾಸ್ಕ್‌ಬಾರ್ ಬಿಹೇವಿಯರ್ಸ್' ಎಂದಿದೆ. ಅದರೊಳಗೆ 'ಕಂಬೈನ್ ಟಾಸ್ಕ್‌ಬಾರ್ ಬಟನ್ಸ್ ಅಂಡ್ ಹೈಡ್ ಲೇಬಲ್ಸ್' ಎಂಬಲ್ಲಿ 'ನೆವರ್' ಆರಿಸಿ. ಅಷ್ಟೇ. ಈಗ ತೆರೆದಿರುವ ಪ್ರತಿ ಕಿಟಕಿಗೂ ಬೇರೆ ಗುಂಡಿ, ಅದರ ಮೇಲೆ ಹೆಸರು. ಪಟ್ಟಿ ತುಂಬಿದಾಗ ಮಾತ್ರ ಒಟ್ಟಿಗೆ ಸೇರಲಿ ಎಂದರೆ 'ವೆನ್ ಟಾಸ್ಕ್‌ಬಾರ್ ಈಸ್ ಫುಲ್' ಆರಿಸಬಹುದು. ಅಲ್ಲೇ 'ಟಾಸ್ಕ್‌ಬಾರ್ ಅಲೈನ್‌ಮೆಂಟ್' ಎಂಬಲ್ಲಿ 'ಲೆಫ್ಟ್' ಎಂದರೆ ಚಿತ್ರಗಳು ಹಳೆಯ ಅಭ್ಯಾಸದಂತೆ ಎಡಕ್ಕೆ ಬರುತ್ತವೆ. ನಡುವಿನಲ್ಲಿದ್ದಾಗ ಒಂದು ಹೊಸ ಪ್ರೋಗ್ರಾಂ ತೆರೆದರೂ ಸಾಲು ಇಡಿಯಾಗಿ ಸರಿಯುತ್ತದೆ. ಎಡಕ್ಕಿಟ್ಟರೆ ಮೊದಲನೆಯದು ಯಾವಾಗಲೂ ಮೊದಲನೆಯ ಜಾಗದಲ್ಲೇ.

ಹೆಸರು ಕಾಣಿಸುವುದರಲ್ಲಿ ನಮ್ಮ ಸಂಘದಂಥವರಿಗೆ ಇನ್ನೊಂದು ಸಂತೋಷವಿದೆ. ವರ್ಡಿನಲ್ಲಿ ಮೂರು ಫೈಲು ತೆರೆದರೆ ಮೂರಕ್ಕೂ ಅದೇ ನೀಲಿ ಚಿತ್ರ. ಆದರೆ ಗುಂಡಿಯ ಮೇಲೆ ಬರುವುದು ಫೈಲಿನ ಹೆಸರು, ಅದು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಬರುತ್ತದೆ! 'ದಸರಾ ಕಾರ್ಯಕ್ರಮ', 'ವೇದಿಕೆ ಲೆಕ್ಕ', 'ಸದಸ್ಯರ ಪಟ್ಟಿ' ಎಂದು ಕೆಳಗೆ ಸಾಲಾಗಿ ಓದಬಹುದು. ಹಿಂದೆ ಇದು ಆಗುತ್ತಿರಲಿಲ್ಲ. ನುಡಿ, ಬರಹ ತಂತ್ರಾಂಶಗಳು ಶುರುವಿನಲ್ಲಿ ತಮ್ಮದೇ ಅಕ್ಷರ ಸಂಕೇತ ಬಳಸುತ್ತಿದ್ದವು. ಆ ಫಾಂಟು ಹಾಕಿದ ಕಡೆ ಮಾತ್ರ ಅದು ಕನ್ನಡ, ಬೇರೆ ಕಡೆ ಅರ್ಥವಿಲ್ಲದ ಗುರುತುಗಳು. ಅದಕ್ಕೇ ಸಂಘದ ಹಳೆಯ ಫೈಲುಗಳಿಗೆಲ್ಲ ಇಂಗ್ಲಿಷ್ ಅಕ್ಷರದ ಹೆಸರು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಂದಿಗೆ 'ತುಂಗಾ' ಎಂಬ ಯುನಿಕೋಡ್ ಕನ್ನಡ ಫಾಂಟು ಜೊತೆಯಾಯಿತು. ಈಗ ಯುನಿಕೋಡಿನಲ್ಲಿ ಟೈಪಿಸಿದ ಕನ್ನಡ ಫೈಲಿನ ಹೆಸರಲ್ಲೂ ನಿಲ್ಲುತ್ತದೆ, ಟಾಸ್ಕ್‌ಬಾರಿನಲ್ಲೂ ನಿಲ್ಲುತ್ತದೆ. ಸೆಟ್ಟಿಂಗ್ಸಿನ 'ಟೈಮ್ ಅಂಡ್ ಲ್ಯಾಂಗ್ವೇಜ್'ನಲ್ಲಿ ಕನ್ನಡ ಸೇರಿಸಿಕೊಂಡರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಬಹುದು. ಯಾವ ಭಾಷೆಯಲ್ಲಿದ್ದೀರಿ ಎನ್ನುವುದು ಪಟ್ಟಿಯ ಬಲತುದಿಯಲ್ಲಿ ಗಡಿಯಾರದ ಹತ್ತಿರ ಕಾಣುತ್ತದೆ. ಮನೆಯಿಂದ ಹೊರಗೆ ಕಾಲಿಟ್ಟರೆ ಹಿಂದಿ, ತರಕಾರಿಯವನ ಹತ್ತಿರ ಮರಾಠಿ. ಇಲ್ಲಿ ನಮ್ಮ ಕಣ್ಣೆದುರಿನ ಪಟ್ಟಿಯಲ್ಲಾದರೂ ಕನ್ನಡ ಇರಲಿ.

ನಾಲ್ಕನೆಯದು, ಸುರಕ್ಷತೆ. ಇದಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಿ. ಏಪ್ರಿಲ್-ಮೇ ತಿಂಗಳ 45 ಡಿಗ್ರಿ ಬಿಸಿಲಿನಲ್ಲಿ ಬ್ಯಾಂಕಿಗೆ ಹೋಗುವ ಬದಲು ಮನೆಯಲ್ಲೇ ಕೆಲಸ ಮುಗಿಸೋಣ ಎಂದು ನಾವು ಬ್ಯಾಂಕಿನ ಹೆಸರು ಟೈಪಿಸಿ ಹುಡುಕುತ್ತೇವೆ. ಹುಡುಕಾಟದಲ್ಲಿ ಮೇಲೆ ಬರುವುದೆಲ್ಲ ಅಸಲಿ ಅಲ್ಲ. ಜಾಹೀರಾತಿನ ವೇಷದಲ್ಲಿ ನಕಲಿ ತಾಣಗಳೂ ಬರುತ್ತವೆ. ಎಸ್ಸೆಮ್ಮೆಸ್ಸಿನಲ್ಲಿ ಬಂದ ಲಿಂಕಂತೂ ಮುಟ್ಟಲೇಬಾರದು. ಇದಕ್ಕೆ ಟಾಸ್ಕ್‌ಬಾರಿನಲ್ಲಿ ಒಂದು ಉಪಾಯವಿದೆ. ಪಾಸ್‌ಬುಕ್ಕಿನಲ್ಲಿ ಇರುವ ಅಥವಾ ಬ್ರಾಂಚಿನಲ್ಲಿ ಕೇಳಿ ಬರೆದುಕೊಂಡ ವಿಳಾಸವನ್ನು ಒಮ್ಮೆ ಸರಿಯಾಗಿ ಟೈಪಿಸಿ ತಾಣ ತೆರೆಯಿರಿ. ಎಡ್ಜ್ ಬ್ರೌಸರಿನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ, 'ಮೋರ್ ಟೂಲ್ಸ್'ನಲ್ಲಿ 'ಪಿನ್ ಟು ಟಾಸ್ಕ್‌ಬಾರ್' ಎನ್ನಿ. ಇನ್ನು ಮುಂದೆ ಆ ಚಿತ್ರದಿಂದಲೇ ಹೋಗಿ, ಹುಡುಕಾಟದಿಂದ ಬೇಡ.

ಈಗಾಗಲೇ ಪಿನ್ ಮಾಡಿಟ್ಟವರು ಒಮ್ಮೆ ವಿಳಾಸ ನೋಡಿಕೊಳ್ಳಿ. ಭಾರತದ ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಆದ್ದರಿಂದ ಹಳೆಯದನ್ನು ತೆಗೆದು ಹೊಸ ವಿಳಾಸವನ್ನು ಪಿನ್ ಮಾಡಿಕೊಳ್ಳಿ. ಅಕಸ್ಮಾತ್ ಮೋಸವಾದರೆ ನಾಚಿಕೆ ಪಡದೆ, ಮಕ್ಕಳಿಗೆ ಹೇಗೆ ಹೇಳಲಿ ಎಂದು ಕೂರದೆ, ತಕ್ಷಣ 1930ಕ್ಕೆ ಫೋನ್ ಮಾಡಿ. ವಿದ್ಯುತ್ ಬಿಲ್ಲು, ರೈಲು ಟಿಕೆಟ್ಟಿನ ತಾಣಗಳನ್ನೂ ಹೀಗೇ ಪಿನ್ ಮಾಡಿಡಬಹುದು. ಊರಿಗೆ ಹೋಗಲು ಬೆಳಿಗ್ಗೆ ಹತ್ತಕ್ಕೆ ಎಸಿ ತತ್ಕಾಲ್ ತೆರೆಯುವಾಗ ತಾಣ ಹುಡುಕುತ್ತ ಕೂತರೆ ಸೀಟು ಬೇರೆಯವರ ಪಾಲಾಗಿರುತ್ತದೆ!

ಐದನೆಯದು, ಗಲಾಟೆ ಕಡಿಮೆ ಮಾಡುವುದು. ಅದೇ ಟಾಸ್ಕ್‌ಬಾರ್ ಸೆಟ್ಟಿಂಗಿನಲ್ಲಿ ಸರ್ಚ್, ಟಾಸ್ಕ್ ವ್ಯೂ, ವಿಜೆಟ್ಸ್ ಎಂದೆಲ್ಲ ಇರುತ್ತವೆ. ಬೇಡವಾದವನ್ನು ಆರಿಸಿಬಿಡಿ. ಮೌಸು ಮೂಲೆಗೆ ತಾಗಿದ ಕೂಡಲೇ ಸುದ್ದಿ, ಹವಾಮಾನ, ಷೇರು ಪೇಟೆ ಎಲ್ಲ ಮೈಮೇಲೆ ಬೀಳುವಂತೆ ತೆರೆದುಕೊಳ್ಳುವುದು ಆ ವಿಜೆಟ್ಸ್ ಕೆಲಸ. ಚಿತ್ರದ ಮೇಲೆ ಕಾಣುವ ಸಣ್ಣ ಸಂಖ್ಯೆ ಓದದ ಸಂದೇಶಗಳ ಲೆಕ್ಕ. ಅದು ಕಂಡು ಚಡಪಡಿಸುವವರು 'ಶೋ ಬ್ಯಾಡ್ಜಸ್' ಎಂಬುದನ್ನು ತೆಗೆದುಹಾಕಬಹುದು. ಚಿತ್ರಗಳು ಸಣ್ಣದಾಗಿ ಕಾಣುತ್ತವೆ ಎನ್ನುವವರು ಸೆಟ್ಟಿಂಗ್ಸ್‌ನ 'ಸಿಸ್ಟಮ್', ಅದರಲ್ಲಿ 'ಡಿಸ್‌ಪ್ಲೇ', ಅದರಲ್ಲಿ 'ಸ್ಕೇಲ್' ಎಂಬುದನ್ನು 125 ಅಥವಾ 150 ಪ್ರತಿಶತಕ್ಕೆ ಏರಿಸಿ. ಪಟ್ಟಿಯೂ ಅಕ್ಷರಗಳೂ ಒಟ್ಟಿಗೆ ದೊಡ್ಡದಾಗುತ್ತವೆ. ಕೆಲವೊಮ್ಮೆ ಪಟ್ಟಿಯೇ ಕಾಣೆಯಾಗಿ ಗಾಬರಿಯಾಗುತ್ತದೆ. ಆಗ ಮೌಸನ್ನು ಪರದೆಯ ಕೆಳ ಅಂಚಿಗೆ ತನ್ನಿ. ಪಟ್ಟಿ ಮೇಲೆದ್ದು ಬಂದರೆ 'ಆಟೊಮ್ಯಾಟಿಕಲಿ ಹೈಡ್' ಎಂಬುದು ಹಾಕಿಕೊಂಡಿದೆ ಎಂದರ್ಥ. ಬಿಹೇವಿಯರ್ಸ್‌ನಲ್ಲಿ ಅದರ ಗುರುತು ತೆಗೆದರೆ ಸರಿಹೋಗುತ್ತದೆ.

ಆರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ನನಗನಿಸುವುದು. ಒಂದೇ ಕಂಪ್ಯೂಟರನ್ನು ಮನೆಯಲ್ಲಿ ಇಬ್ಬರು-ಮೂವರು ಬಳಸುತ್ತಾರೆ. ಒಬ್ಬರು ಜೋಡಿಸಿದ್ದನ್ನು ಇನ್ನೊಬ್ಬರು ಕೆಡಿಸಿದರು ಎಂದು ಜಗಳ. ಸೆಟ್ಟಿಂಗ್ಸ್‌ನ 'ಅಕೌಂಟ್ಸ್'ನಲ್ಲಿ 'ಅದರ್ ಯೂಸರ್ಸ್' ಎಂಬಲ್ಲಿ ನಿಮ್ಮ ಹೆಸರಿನಲ್ಲಿ ಬೇರೆ ಖಾತೆ ಮಾಡಿಸಿಕೊಳ್ಳಿ. ಪ್ರತಿ ಖಾತೆಗೂ ಅದರದೇ ಟಾಸ್ಕ್‌ಬಾರ್, ಅದರದೇ ಪಿನ್ನುಗಳು, ಅದರದೇ ಜಂಪ್ ಲಿಸ್ಟು. ಮೊಮ್ಮಗ ತನ್ನ ಖಾತೆಯಲ್ಲಿ ಆಟಗಳ ಚಿತ್ರ ಎಷ್ಟು ಬೇಕಾದರೂ ಇಟ್ಟುಕೊಳ್ಳಲಿ, ನಿಮ್ಮದು ಅಲುಗುವುದಿಲ್ಲ. ಒಂದೇ ಖಾತೆಯನ್ನು ಹಂಚಿಕೊಂಡರೆ ನೀವು ಯಾವ ಫೈಲು ತೆರೆದಿರಿ ಎಂಬುದು ಜಂಪ್ ಲಿಸ್ಟಿನಲ್ಲಿ ಎಲ್ಲರಿಗೂ ಕಾಣುತ್ತದೆ ಎನ್ನುವುದೂ ನೆನಪಿರಲಿ. "ನಮಗೇನು ಮುಚ್ಚುಮರೆ, ನಮಗ್ಯಾಕೆ ಬೇರೆ ಖಾತೆ?" ಎಂದು ಕೇಳುವವರಿದ್ದಾರೆ. ಮುಚ್ಚುಮರೆಯ ಮಾತಲ್ಲ. ನಮ್ಮ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಬೇಕು ಎಂದು ಕೌಂಟರಿನ ಹಿಂದಿನಿಂದ ಎಷ್ಟು ಹೆಣ್ಣುಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅದೇ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಕಿರಿಯರಿಗೂ ಒಂದು ವಿನಂತಿ. ನೀವು ಊರಿಗೆ ಬಂದಾಗ ಅಮ್ಮನ, ಅತ್ತೆಯ ಕಂಪ್ಯೂಟರು ಸರಿಮಾಡುತ್ತೀರಿ. ಮೌಸು ನಿಮ್ಮ ಕೈಗೆ ತಗೊಂಡು ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತೀರಿ. ಅದರ ಬದಲು ಮೌಸು ಅವರ ಕೈಯಲ್ಲೇ ಇರಲಿ. "ನಿಮಗೆ ದಿನಾ ಏನೇನು ಬೇಕು, ಯಾವುದು ಮೊದಲು ಇರಲಿ?" ಎಂದು ಕೇಳಿ. ಇಪ್ಪತ್ತು ನಿಮಿಷ ಹಿಡಿಯಬಹುದು. ಆದರೆ ಮುಂದಿನ ಆರು ತಿಂಗಳು "ಆ ನೀಲಿ ಚಿತ್ರ" ಎಂದು ಫೋನಿನಲ್ಲಿ ಕೂಗುವುದು ಉಳಿಯುತ್ತದೆ.

ಇವತ್ತಿನ ಮನೆಗೆಲಸ ಸಣ್ಣದು. ಇವತ್ತು ರಾತ್ರಿ ಒಂದು ಚೀಟಿಯಲ್ಲಿ, ಕಂಪ್ಯೂಟರಿನಲ್ಲಿ ನಿಮಗೆ ನಿಜವಾಗಿ ಬೇಕಾದ ಐದು ಕೆಲಸ ಬರೆಯಿರಿ. ಮಗನಿಗೆ ಬೇಕಾದದ್ದಲ್ಲ, ನಿಮಗೆ ಬೇಕಾದದ್ದು. ನಾಳೆ ಆ ಐದನ್ನು ಪಿನ್ ಮಾಡಿ, ಉಳಿದವನ್ನು ತೆಗೆಯಿರಿ, ಹೆಸರು ಕಾಣಿಸುವಂತೆ ಮಾಡಿ. ಎಲ್ಲಾದರೂ ಸಿಕ್ಕಿಕೊಂಡರೆ ಶನಿವಾರ ಮಧ್ಯಾಹ್ನ ಮೂರಕ್ಕೆ ನಾನಿದ್ದೇನೆ. ಚಹಾ ನಿಮ್ಮ ಕಡೆಯಿಂದ.